ಮಾಜಾಳಿ ಆಚೆಯ 999

ಕಾರವಾರದವರಿಗೆ ಗೋವಾ ಅಂದರೆ ಮಾಜಾಳಿ ದಾಟಿದರೆ ಸಿಗುವ ನೆರೆಮನೆ. ಹಾಗಾಗಿ 1968ರಲ್ಲಿ ದೊರೈ-ಭಗವಾನ್ ಜೋಡಿ ಡಾ. ರಾಜ್‌ಕುಮಾರ್ ಅವರನ್ನು ‘ಗೋವಾದಲ್ಲಿ ಸಿ.ಐ.ಡಿ. 999’ ಮಾಡಿದ್ದು ಈ ಕಡೆಯವರಿಗೆ ದೊಡ್ಡ ಪ್ರವಾಸವೆಂದು ಅನಿಸಿರಲಿಕ್ಕಿಲ್ಲ. ಪೋರ್ಚುಗೀಸರು ಗಂಟುಮೂಟೆ ಕಟ್ಟಿ ಆಗಿನ್ನೂ ಏಳೇ ವರ್ಷ. ಗೂಢಚಾರನಿಗೆ ಕೆಲಸವೇನೋ ಇದ್ದೀತು.

ಅದೇ ವರ್ಷದ ‘ಜೇಡರ ಬಲೆ’ಯಲ್ಲಿ ಹುಟ್ಟಿದ ಈ 999, ಜೇಮ್ಸ್ ಬಾಂಡ್‌ನ 007ಕ್ಕೆ ಕನ್ನಡದ ಉತ್ತರ. ಲೆಕ್ಕ ಹಾಕಿದರೆ ನಮ್ಮವನೇ 992 ಹೆಚ್ಚು!

ಆಮೇಲೆ ಪತ್ತೇದಾರಿಯ ಮೋಜು ಇಳಿದು ಅಪರಾಧದ ಕೊಳಕು ತೆರೆಗೆ ಬಂತು. ಅಂಕೋಲೆಯಿಂದ ಕುಮಟಾ ದಾಟಿದರೆ ಸಿಗುವ ಹೊನ್ನಾವರ ಸೀಮೆಯ ಶಂಕರ್‌ನಾಗ್ 1985ರಲ್ಲಿ ‘ಆಕ್ಸಿಡೆಂಟ್’ ನಿರ್ದೇಶಿಸಿದರು. ಫುಟ್‌ಪಾತ್‌ನಲ್ಲಿ ಮಲಗಿದವರ ಮೇಲೆ ಕಾರು ಹರಿಸುವವನು ರಾಜಕಾರಣಿಯ ಮಗ. ಆ ರಾಜಕಾರಣಿ ಅಣ್ಣ ಅನಂತನಾಗ್, ಬೆನ್ನು ಹತ್ತುವ ಪತ್ರಕರ್ತ ತಮ್ಮ ಶಂಕರ್‌ನಾಗ್. ಮನೆಜಗಳಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಹೀಗೆ.

1989ರ ‘ತರ್ಕ’ದಲ್ಲಿ ಸುನೀಲ್‌ಕುಮಾರ್ ದೇಸಾಯಿ ಹಾಡುಗಳನ್ನೇ ಕೈಬಿಟ್ಟರು. ಕೊಲೆಯ ನಡುವೆ ಜೋಡಿ ಮರ ಸುತ್ತುವುದು ತಪ್ಪಿತು. ಹಾಡು ಬಂದಾಗ ಎದ್ದು ಚಹಾ ಕುಡಿಯುವ ಪ್ರೇಕ್ಷಕನಿಗೆ ಮಾತ್ರ ಇಂಟರ್ವಲ್ಲೇ ಗತಿಯಾಯಿತು.

ಆ ಚಿತ್ರಗಳ ಸೆಳೆತ ಇರುವುದೇ ಇಲ್ಲದಿರುವುದರಲ್ಲಿ: ಮೊಬೈಲ್ ಇಲ್ಲ, ಸಿಸಿ ಕ್ಯಾಮೆರಾ ಇಲ್ಲ. ಸತ್ಯ ತಿಳಿಯಬೇಕಾದರೆ ಓಡಲೇಬೇಕು, ಫೋನ್ ಬಂದರೆ ಬೆಚ್ಚಿಬೀಳಲೇಬೇಕು.

ಕಾರವಾರದ ಮಳೆಯಲ್ಲಿ ಕರೆಂಟು ಇದ್ದ ರಾತ್ರಿ ‘ತರ್ಕ’ ಹಚ್ಚಿ ನೋಡಿ. ಕೊಲೆಗಾರ ಯಾರೆಂದು ಪಕ್ಕದವರಿಗೆ ಮಾತ್ರ ಹೇಳಬೇಡಿ.