ಯಂತ್ರ ನಿಲ್ಲಿಸುವ ಅಧಿಕಾರ: ಕಾರ್ಖಾನೆ ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ಪೀಣ್ಯ, ಬಿಡದಿ, ನರಸಾಪುರದ ಕಾರ್ಖಾನೆಗಳ ಮುಖ್ಯಸ್ಥರೇ,

ಬೇರಿಂಗಿನ ಸದ್ದು ಬದಲಾದರೆ ಮೊದಲು ಗೊತ್ತಾಗುವುದು ಆಪರೇಟರ್‌ಗೆ. ಎಣ್ಣೆ ಸೋರಿದರೂ, ಯಂತ್ರದ ಗಾರ್ಡ್ ಸಡಿಲವಾದರೂ ಮೊದಲು ಕಾಣುವುದು ಅವರಿಗೇ. ಆದರೂ ಎಷ್ಟೋ ಕಡೆ ಯಂತ್ರ ನಿಲ್ಲಿಸಲು ಅವರು ಸೂಪರ್‌ವೈಸರ್‌ಗೆ ಹೇಳಬೇಕು, ಸೂಪರ್‌ವೈಸರ್ ಮೇಲಿನವರನ್ನು ಕೇಳಬೇಕು. ಅಷ್ಟರಲ್ಲಿ ಟಾರ್ಗೆಟ್ಟಿನ ಮಾತು ಬರುತ್ತದೆ. ಯಂತ್ರ ಓಡುತ್ತಲೇ ಇರುತ್ತದೆ.

ನಿಲ್ಲಿಸುವ ಅಧಿಕಾರ ಕಾರ್ಮಿಕರ ಕೈಗೇ ಬಂದರೆ ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ ಇದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಕಾರು ಕಾರ್ಖಾನೆಯೊಂದಿತ್ತು. ಗೈರುಹಾಜರಿಗೂ ಕಳಪೆ ಗುಣಮಟ್ಟಕ್ಕೂ ಹೆಸರಾಗಿದ್ದ ಅದು 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟಾ ಜೊತೆಗೂಡಿ ‘ನುಮ್ಮಿ’ ಹೆಸರಿನಲ್ಲಿ ಅದನ್ನು ಮತ್ತೆ ತೆರೆದರು. ಕೆಲಸಕ್ಕೆ ಸೇರಿದವರಲ್ಲಿ ಬಹುಪಾಲು ಹಳಬರೇ. ಯೂನಿಯನ್ ಕೂಡ ಹಳೆಯದೇ. ಹೊಸದಾಗಿ ಬಂದದ್ದು ಟೊಯೋಟಾದ ಕೆಲಸದ ರೀತಿ ಮತ್ತು ಲೈನಿನುದ್ದಕ್ಕೂ ಕಟ್ಟಿದ ಹಗ್ಗ. ದೋಷ ಕಂಡ ಯಾರೇ ಆಗಲಿ ಅದನ್ನು ಎಳೆಯಬಹುದಿತ್ತು. ಎಳೆದೊಡನೆ ದೀಪ ಹೊತ್ತಿ, ಟೀಮ್ ಲೀಡರ್ ಓಡಿ ಬರುತ್ತಿದ್ದರು. ಆ ಹಂತದ ಕೆಲಸ ಮುಗಿಯುವುದರೊಳಗೆ ಸರಿಹೋಗದಿದ್ದರೆ ಲೈನೇ ನಿಲ್ಲುತ್ತಿತ್ತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಕಾರುಗಳು ಗುಣಮಟ್ಟದಲ್ಲಿ ಜಪಾನಿನ ಟೊಯೋಟಾ ಕಾರ್ಖಾನೆಗಳ ಮಟ್ಟಕ್ಕೆ ಬಂದವು. ಕರೆದೊಡನೆ ಮೇಲಿನವರು ನೆರವಿಗೆ ಬರುತ್ತಾರೆಂಬ ನಂಬಿಕೆಯಿಂದಲೇ ಆ ಹಗ್ಗಕ್ಕೆ ಬೆಲೆ.

ಅಪಾಯ ಕಂಡವರ ಮಾತಿಗೆ ಬೆಲೆ ಕೊಡಬೇಕೆಂಬ ಪಾಠಕ್ಕೆ ನಮ್ಮಲ್ಲಿ ಜೀವಗಳನ್ನೇ ತೆತ್ತಿದ್ದೇವೆ. 1984ರ ಭೋಪಾಲ್ ದುರಂತದ ಬಳಿಕ, 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ಬಂತು. ಅಪಾಯಕಾರಿ ಪ್ರಕ್ರಿಯೆಗಳಿರುವ ಕಾರ್ಖಾನೆಗಳ ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರಿಗೂ ಆಡಳಿತಕ್ಕೂ ಸಮಪಾಲು ಸಿಕ್ಕಿತು. ಜೀವಕ್ಕೆ ಅಪಾಯವೆನಿಸಿದರೆ ಆಡಳಿತಕ್ಕೂ ಇನ್‌ಸ್ಪೆಕ್ಟರ್‌ಗೂ ಒಟ್ಟಿಗೇ ತಿಳಿಸುವ ಹಕ್ಕೂ ಕಾರ್ಮಿಕರಿಗೆ ಬಂತು. ಆದರೆ ನಾಳೆ ಗೇಟಿನೊಳಗೆ ಬಿಡುತ್ತಾರೋ ಇಲ್ಲವೋ ಎಂಬ ಭಯದಲ್ಲಿರುವ ಕಾಂಟ್ರಾಕ್ಟ್ ಕಾರ್ಮಿಕ ಆ ಹಕ್ಕನ್ನು ಹೇಗೆ ಬಳಸಿಯಾನು?

ಆದ್ದರಿಂದ ನನ್ನ ಕೋರಿಕೆ ಇಷ್ಟು. ಅಪಾಯ ಕಂಡವರು ಯಾರನ್ನೂ ಕೇಳದೆ ಯಂತ್ರ ನಿಲ್ಲಿಸಬಹುದೆಂದು ಲಿಖಿತವಾಗಿ ಆದೇಶಿಸಿ. ಅವರ ಅಂದಾಜು ತಪ್ಪಾದರೂ ಸಂಬಳ ಕಡಿಯುವುದಿಲ್ಲ, ಮೆಮೊ ಕೊಡುವುದಿಲ್ಲ ಎಂದು ಅದರಲ್ಲೇ ಸೇರಿಸಿ. ಕಾಂಟ್ರಾಕ್ಟ್‌ನವರಿಗೂ ಟ್ರೈನಿಗಳಿಗೂ ಅದು ಅನ್ವಯಿಸಲಿ. ನಿಂತ ಹೊತ್ತಿನ ನಷ್ಟವನ್ನು ಆ ಶಿಫ್ಟಿನ ಸೂಪರ್‌ವೈಸರ್ ತಲೆಗೆ ಕಟ್ಟಬೇಡಿ. ಮೊದಲ ಸಲ ಯಂತ್ರ ನಿಂತಾಗ ನೀವೇ ಶಾಪ್‌ಫ್ಲೋರಿಗೆ ಇಳಿದು ಬನ್ನಿ; ನಿಲ್ಲಿಸಿದವರ ಮಾತನ್ನು ಎಲ್ಲರೆದುರು ಕೇಳಿಸಿಕೊಳ್ಳಿ.

ಆದೇಶ ಕನ್ನಡದಲ್ಲಿರಲಿ, ಹೊರರಾಜ್ಯದ ಕಾರ್ಮಿಕರಿದ್ದರೆ ಅವರ ಭಾಷೆಯಲ್ಲೂ ಇರಲಿ. ನಿಮ್ಮ ಸಹಿಯೊಂದಿಗೆ ಈ ವಾರವೇ ನೋಟಿಸ್ ಬೋರ್ಡಿಗೆ ಹಾಕಿ.

ಇಂತಿ,
ನಿಮ್ಮ ಹಿತೈಷಿ