ಅಥ ಗಿಣಿಶಾಸ್ತ್ರ ಮೀಮಾಂಸೆ

ಭವಿಷ್ಯ ಎರಡು ವಿಧ: ಇಸವಿ ಉಳ್ಳದ್ದು, ಇಸವಿ ಇಲ್ಲದ್ದು. ಗ್ರಹ, ಅಂಗೈ, ಹಲ್ಲಿ ಎಂದೆಲ್ಲ ಪೂರ್ವಿಕರು ಮಾಡಿದ್ದು ಸಾಮಗ್ರಿಯ ವಿಂಗಡಣೆಯೇ ಹೊರತು ಭವಿಷ್ಯದ್ದಲ್ಲ, ಆದ್ದರಿಂದ ತ್ಯಾಜ್ಯ.

ಮೊದಲ ವಿಧಕ್ಕೆ ಉದಾಹರಣೆ ಬೇಕೆಂದರೆ ರಂಗಂಪೇಟೆಯವರು ದೂರ ಹೋಗಬೇಕಿಲ್ಲ, ಸುರಪುರದ ಅರಮನೆಯೇ ಸಾಕು. ರಾಜಾ ವೆಂಕಟಪ್ಪ ನಾಯಕ 24ನೇ ವರ್ಷ ದಾಟುವುದಿಲ್ಲ ಎಂದು ಅವನ ಜಾತಕ ಹೇಳಿತ್ತು. ಅರಸ ಬಾಲಕನಾಗಿದ್ದಾಗ ಸಂಸ್ಥಾನ ನೋಡಿಕೊಂಡ ಮೆಡೋಸ್ ಟೇಲರ್ ಇದನ್ನು ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟಿದ್ದಾನೆ. 1858ರಲ್ಲಿ ಬ್ರಿಟಿಷರ ಮೇಲೆ ಬಂಡೆದ್ದು ಸೆರೆಸಿಕ್ಕವನ ಶಿಕ್ಷೆ ನಾಲ್ಕು ವರ್ಷದ ಸೆರೆವಾಸಕ್ಕೆ ಇಳಿದಿತ್ತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಗುಂಡು ತಗಲಿ ತೀರಿಕೊಂಡ. ಆ ಗುಂಡಿನ ವಿಚಾರ ಇತಿಹಾಸಕಾರರಿಗಿರಲಿ. ನಮ್ಮ ಶಾಸ್ತ್ರಕ್ಕೆ ಬೇಕಾದ ಸೂತ್ರ ಇಷ್ಟೆ: ಇಸವಿ ಹೇಳಿದ ಭವಿಷ್ಯ ಸುಳ್ಳಾದರೆ ಹೇಳಿದವನಿಗೆ ಕಷ್ಟ, ನಿಜವಾದರೆ ಎಲ್ಲರಿಗೂ ಕಷ್ಟ.

ನಡುವೆ ಒಂದು ಮಿಶ್ರಜಾತಿ ಉಂಟು, ಕಾಲಜ್ಞಾನ. ಕೊಡೇಕಲ್ಲ ಬಸವಣ್ಣನ ಪರಂಪರೆಯಿಂದ ಈ ಸೀಮೆಗೆ ಅದು ಚೆನ್ನಾಗಿ ಗೊತ್ತು. ಕಾಲಜ್ಞಾನಗಳು ಸಂವತ್ಸರದ ಹೆಸರು ಹೇಳುವುದುಂಟು. ಈ ಸಲ ತಪ್ಪಿದರೆ 60 ವರ್ಷಕ್ಕೆ ಅದೇ ಸಂವತ್ಸರ ಮತ್ತೆ ಬರುತ್ತದೆ. ಇಷ್ಟು ಗಟ್ಟಿಯಾದ ರಕ್ಷಣೆ ಬೇರೆ ಯಾವ ಶಾಸ್ತ್ರಕ್ಕೂ ಇಲ್ಲ.

ಇನ್ನು ಇಸವಿ ಇಲ್ಲದ ಭವಿಷ್ಯದ ರಾಜ, ಗಿಣಿಶಾಸ್ತ್ರ. ಪಂಜರದ ಬಾಗಿಲು ತೆರೆದರೆ ಗಿಣಿ ಬರುತ್ತದೆ, ಕೊಕ್ಕಿನಿಂದ ಎಲೆಗಳನ್ನು ಒಂದೊಂದಾಗಿ ಎಳೆದು ಬದಿಗೊಗೆಯುತ್ತದೆ, ಒಂದನ್ನು ಕೊಟ್ಟು ಕಾಳು ತಿಂದು ಒಳಗೆ ಹೋಗುತ್ತದೆ. ಗಿಣಿ ಒಗೆದ ಭವಿಷ್ಯಗಳು ಯಾರವು? ಕೇಳಿದವರಿಲ್ಲ. ಎಲೆಗಳು ನಕ್ಷತ್ರಕ್ಕೊಂದರಂತೆ 27 ಎಂಬುದು ವಾಡಿಕೆ. ಲಕ್ಷ್ಮಿ, ಹನುಮಂತರ ಜೊತೆ ಕೆಲವು ಕಟ್ಟುಗಳಲ್ಲಿ ಯೇಸುವೂ ಇರುತ್ತಾನೆ, ಗಿರಾಕಿ ಯಾರೆಂದು ಮೊದಲೇ ತಿಳಿಯದಲ್ಲ! ಸಿದ್ಧಾಂತಿಗಳ ಪ್ರಕಾರ ಎಲೆಗಳಲ್ಲಿ ಎರಡೇ ಜಾತಿ: ದುಡ್ಡು ಬರುವವು, ಪರಿಹಾರ ಮಾಡಿಸಿದರೆ ದುಡ್ಡು ಬರುವವು.

ಯುರೋಪಿನವರಿಗೆ ಇದೇ ಕೆಲಸಕ್ಕೆ 36 ಎಲೆ ಬೇಕಾದವು. ಲೆನೊರ್ಮಾಂ ಎಂಬ ಪ್ಯಾರಿಸ್ಸಿನ ಪ್ರಸಿದ್ಧ ಕಣಿಗಾರ್ತಿಯ (1772–1843) ಹೆಸರಲ್ಲಿ ಮಾರುವ ಆ ಪುಟ್ಟ ಕಟ್ಟು ಅವಳದಲ್ಲ. 1799ರ ಸುಮಾರಿಗೆ ನ್ಯೂರೆಂಬರ್ಗಿನ ಹೆಖ್ಟೆಲ್ ಮಾಡಿದ ದಾಳದಾಟ ಅದು, ನಮ್ಮ ಪರಮಪದ ಸೋಪಾನದ ದೂರದ ನೆಂಟ. ಎಲೆಗಳನ್ನು ಆರಾರು ಸಾಲಿಟ್ಟು ಕಾಯಿ ನಡೆಸುತ್ತಿದ್ದರು. 35ನೆಯ ಲಂಗರಿನ ಮೇಲೆ ನಿಂತವನು ಗೆದ್ದ. ಅವಳು ಸತ್ತ ಮೇಲೆ ವ್ಯಾಪಾರಿಗಳು ಹೆಸರು ಅಂಟಿಸಿದರು. ಅಲ್ಲಿ ಲಕ್ಷ್ಮಿಯ ಕೆಲಸವನ್ನು ಮೀನು ಮಾಡುತ್ತದೆ. ನಮ್ಮಲ್ಲಿ 120 ಎಲೆಯ ದಶಾವತಾರ ಗಂಜೀಫವೇ ಇದ್ದರೂ ಅದನ್ನು ಆಡಿ ಕಾಲ ಕಳೆದೆವು. ವಿವೇಕವೆಂದೇ ನನ್ನ ಮತ.

ಪೃಚ್ಛಕರು ನಾಲ್ಕು ಬಗೆ: ಮಗಳ ಲಗ್ನ ಹೂಡಬೇಕಾದವರು, ನೌಕರಿ ಪರೀಕ್ಷೆ ಬರೆದವರು, ಕೈಗಡ ಕೊಟ್ಟು ಕೂತವರು, ಸುಮ್ಮನೆ ನಗಲೆಂದು ಬಂದವರು. ಕೊನೆಯವರೇ ಎರಡನೇ ಎಲೆ ತೆಗೆಸುವುದು. ನಾಲ್ವರಿಗೂ ಉತ್ತರ ಒಂದೇ: “ಮನಸಿನ್ಯಾಗ ಒಂದು ಚಿಂತಿ ಅದ. ಕೊಟ್ಟಿದ್ದು ತಿರುಗಿ ಬಂದಿಲ್ಲ. ಮೂರು ಅಮಾಸಿ ಕಳೀಲಿ, ಛಲೋ ಆಗ್ತದ.” ಯಾವ ಅಮಾಸೆಯಿಂದ ಎಣಿಸಬೇಕೆಂದು ಕೇಳಿದ ಪೃಚ್ಛಕ ಇನ್ನೂ ಹುಟ್ಟಿಲ್ಲ. ಹುಟ್ಟಿದರೆ ಐದನೇ ಬಗೆ ಸೇರಿಸೋಣ.

ಈ ಶಾಸ್ತ್ರಕ್ಕೆ ಪೂರ್ವಪಕ್ಷ ಹೂಡಿದ್ದು ಪಂಡಿತರಲ್ಲ, ಸರ್ಕಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಗಿಣಿಯನ್ನು ಪಂಜರದಲ್ಲಿಡುವುದು ಅಪರಾಧ. ಗಿಣಿ ಬಿಟ್ಟವನು ಎಲೆಗಳನ್ನು ಗಿರಾಕಿಯ ಮುಂದೆಯೇ ಹರಡಬೇಕು. ಶಾಸ್ತ್ರಕಾರನಿಗೆ ಇದರಿಂದ ನಷ್ಟವೆಂದು ಮೇಲ್ನೋಟಕ್ಕೆ ಕಂಡೀತು. ಆದರೆ ಭವಿಷ್ಯ ಕೆಟ್ಟಿತೆಂದು ಜಗಳಕ್ಕೆ ಬಂದವಳಿಗೆ ಈಗ ಸಿದ್ಧ ಉತ್ತರವೊಂದು ಸಿಕ್ಕಿದೆ: “ಎಲಿ ತಗದಾಕಿ ನೀನಽ ಯವ್ವಾ, ನನಗ್ಯಾಕ ಕೇಳ್ತಿ?”