ಚಿಟಿಕೆಯಷ್ಟು ದಾವಣಗೆರೆ

ದಾವಣಗೆರೆಯ ಮಂಡಿಪೇಟೆಯಲ್ಲಿ ವ್ಯಾಪಾರವೆಲ್ಲ ಮೂಟೆ ಲೆಕ್ಕ. ದಸರಾ ಬೊಂಬೆ ಕೂರಿಸುವ ಮನೆಯಲ್ಲಿ ಎಲ್ಲವೂ ಚಿಟಿಕೆ ಲೆಕ್ಕ. ಪಟ್ಟದ ರಾಜ-ರಾಣಿ ತವರಿನಿಂದ ಬಂದವರು, ಅವರ ಗತ್ತೇ ಬೇರೆ. ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆಗಳು ದುಡ್ಡು ಕೊಟ್ಟರೆ ಸಿಗುತ್ತವೆ. ಆದರೆ ಬೊಂಬೆ ಶೆಟ್ಟರ ಅಂಗಡಿಗೆ ತಕ್ಕಡಿ? ಸೋಡಾ ಬಾಟಲಿಯ ಎರಡು ಮುಚ್ಚಳ, ಒಂದು ಊದುಬತ್ತಿ ಕಡ್ಡಿ, ಹೊಲಿಗೆ ದಾರ. ತೂಕದಲ್ಲಿ ಮೋಸವಿಲ್ಲ, ತೂಗುವುದೇ ಇಲ್ಲವಲ್ಲ!

ಬೆಣ್ಣೆ ದೋಸೆ ಹೋಟೆಲ್ ಇಲ್ಲದಿದ್ದರೆ ಅದು ದಾವಣಗೆರೆಯ ಬೊಂಬೆಮನೆಯೇ? ಮೈದಾಹಿಟ್ಟನ್ನು ರೂಪಾಯಿ ಬಿಲ್ಲೆಯಷ್ಟು ತಟ್ಟಿ, ಕಾಫಿ ಡಿಕಾಕ್ಷನ್ ಸವರಿದರೆ ದೋಸೆ ಕೆಂಪಗಾಯಿತು. ಮೇಲೊಂದು ಹನಿ ಬಿಳಿ ಮೇಣ ಬಿದ್ದರೆ ಬೆಣ್ಣೆ. ಥರ್ಮೋಕೋಲ್ ಕಾಳುಗಳೇ ಮಂಡಕ್ಕಿ. “ಫ್ಯಾನ್ ಆರಿಸ್ರೀ, ಮಂಡಕ್ಕಿ ಹಾರಿ ಹೋಗ್ತಾವೆ!” ಎಂದು ಮನೆಯಾಕೆ ಕೂಗಿದಾಗ ಉಸಿರಾಡುವುದಕ್ಕೂ ಅಪ್ಪಣೆ ಬೇಕು.

ಈ ಚಿಟಿಕೆ ಲೆಕ್ಕ ನಮ್ಮಲ್ಲಷ್ಟೇ ಅಲ್ಲ: ಇಂಗ್ಲೆಂಡಿನ ರಾಣಿ ಮೇರಿಗೆ 1924ರಲ್ಲಿ ಸಿದ್ಧವಾದ ಬೊಂಬೆಮನೆಯನ್ನು ವಿನ್ಯಾಸ ಮಾಡಿದವನು ದೆಹಲಿಯ ರಾಷ್ಟ್ರಪತಿ ಭವನದ ವಾಸ್ತುಶಿಲ್ಪಿ ಲುಟಿಯೆನ್ಸ್. ಅಸಲಿನ ಹನ್ನೆರಡರಲ್ಲೊಂದು ಅಳತೆ. ಪುಟಾಣಿ ನಲ್ಲಿಯಲ್ಲಿ ನೀರೂ ಬರುವ ಏರ್ಪಾಟು. ಇದನ್ನು ಹೇಳಿದರೆ ನಮ್ಮ ಓಣಿಯವರ ಪ್ರಶ್ನೆ ಒಂದೇ: “ದಿನಾ ಬರ್ತತೇನ್ರೀ?”

ಬೊಂಬೆ ನೋಡಲು ಬಂದ ಪಕ್ಕದ ಮನೆಯ ಪುಟ್ಟಿ ದೋಸೆಯ ಹತ್ತಿರ ಕಣ್ಣಿಟ್ಟು ನೋಡಿ, “ಅಜ್ಜೀ, ಆಲೂಗಡ್ಡೆ ಪಲ್ಯ ಎಲ್ಲಿ?” ಅಂದಳು. ಮನೆಯಾಕೆಯ ಮುಖ ಸಣ್ಣದಾಯಿತು, ಅದೂ ಸರಿಯಾಗಿ ಹನ್ನೆರಡರಲ್ಲೊಂದು ಅಳತೆಗೆ.